ನೆಕ್ಸ್ಟ್ ನೆಕ್ಸ್ಟ್ ಒತ್ತಿದವರು ಯಾರು?

ಕಾಸರಗೋಡಿನ ಕನ್ನಡ ಶಾಲೆಯವರಾದ ನಾವು ಮತ್ತೆ ಮತ್ತೆ ಕೇಳುವ ಮಾತು: "ಕನ್ನಡ ಬೇಕಾದರೆ ಆಮೇಲೆ ಹಾಕಿಕೊಳ್ಳಿ ಮಾಸ್ಟ್ರೇ." ಈ 'ಆಮೇಲೆ' ಯಾವತ್ತು ಬರುತ್ತದೆ ಸ್ವಾಮೀ?

ಕಳೆದ ವರ್ಷ ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರ್‌ಗಳಿಗೆ ಡೆಬಿಯನ್ ಲಿನಕ್ಸ್ ಹಾಕಲು ಒಬ್ಬರು ಬಂದಿದ್ದರು. ತಮ್ಮ ಮೊಬೈಲಿನಿಂದಲೇ ನೆಟ್ ಕೊಟ್ಟು ಸಂಜೆಯೊಳಗೆ ಮುಗಿಸಿದರು. ಅವರು ಹೋದರು, ನೆಟ್ಟೂ ಹೋಯಿತು. ಮರುದಿನ ಐದನೆಯ ತರಗತಿಯ ಮಕ್ಕಳು ಹೆಸರು ಬರೆಯಲು ಕೂತರೆ ಕನ್ನಡ ಟೈಪಿಸುವ ದಾರಿಯೇ ಇಲ್ಲ. ಇಂಗ್ಲಿಷಿನಲ್ಲಿ ಬರೆದು ಎದ್ದರು.

ಲಿನಕ್ಸಿನಲ್ಲಿ ಕನ್ನಡ ಇಲ್ಲ ಅನ್ನುವುದು ಶುದ್ಧ ಸುಳ್ಳು. ಡೆಬಿಯನ್ನಿನ ಗ್ರಾಫಿಕಲ್ ಇನ್‌ಸ್ಟಾಲರಿನ ಭಾಷಾ ಪಟ್ಟಿಯಲ್ಲೇ ಕನ್ನಡ ಇದೆ. ಅದನ್ನು ಆರಿಸಿದರೆ ಕನ್ನಡದ ಟಾಸ್ಕ್, ಅಂದರೆ ಪ್ಯಾಕೇಜುಗಳ ಗುಂಪು, ತಾನಾಗಿ ಸೇರುತ್ತದೆ. ಕೊನೆಗೆ ಸಾಫ್ಟ್‌ವೇರ್ ಆಯ್ಕೆಯ ಪರದೆ ಬರುತ್ತದೆ. ಅಲ್ಲಿ ಗ್ನೋಮ್ ತೆಗೆದು ಹಗುರವಾದ ಎಕ್ಸ್‌ಎಫ್‌ಸಿಇ ಗುರುತು ಹಾಕಿದ್ದರೆ ನಮ್ಮ ಮುದಿ ಯಂತ್ರಗಳೂ ಸ್ವಲ್ಪ ಉಸಿರಾಡುತ್ತಿದ್ದವು. ಅದನ್ನೂ ಯಾರೂ ನೋಡಲಿಲ್ಲ.

ಮೆನು ಕನ್ನಡದಲ್ಲಿದ್ದರೆ ಗೊಂದಲ ಎನ್ನುವವರಿದ್ದಾರೆ. ಇರಲಿ, ಮೆನು ಇಂಗ್ಲಿಷಿನಲ್ಲೇ ಇರಲಿ! ಪ್ರಿಸೀಡ್ ಎಂಬ ಉತ್ತರ ಪತ್ರಿಕೆಯಂಥ ಕಡತ ಉಂಟು. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವುದು. ಅದರ 'ಪಿಕೆಜಿಸೆಲ್/ಇನ್‌ಕ್ಲೂಡ್' ಸಾಲಿನಲ್ಲಿ ಎರಡು ಹೆಸರು ಸಾಕು: ಅಕ್ಷರಗಳಿಗೆ 'ಫಾಂಟ್ಸ್-ಕೆಎನ್‌ಡಿಎ', ಟೈಪಿಂಗಿಗೆ 'ಐಬಸ್-ಎಂ17ಎನ್'. ಮೊದಲನೆಯದು ಗುಬ್ಬಿ, ನವಿಲು ಫಾಂಟ್‌ಗಳನ್ನು ತರುತ್ತದೆ. ಎರಡನೆಯದರಲ್ಲಿ ನುಡಿ ಬಳಸಿದವರಿಗೆಲ್ಲ ಗೊತ್ತಿರುವ ಕೆಜಿಪಿ ವಿನ್ಯಾಸವೇ ಇದೆ. ಒಂದು ಸಲ ಬರೆದರೆ ಹತ್ತು ಯಂತ್ರಕ್ಕೂ ಅದೇ ಕಡತ.

ಬಂದವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಕನ್ನಡ ಬಾರದು, ನಾವು ಹೇಳಲೂ ಇಲ್ಲ. ಆ ದಿನ ನಾವು ಸ್ಟಾಫ್‌ರೂಮಿನಲ್ಲಿ ಚಾ ಕುಡಿಯುತ್ತಿದ್ದೆವು. ಇದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಕೇರಳದ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶ ಹೊಸತೇನಲ್ಲ. ಐಟಿ ಅಟ್ ಸ್ಕೂಲ್ ಶುರುವಾದದ್ದು 2001ರಲ್ಲಿ, ಅದು ಕೈಟ್ ಆದದ್ದು 2017ರಲ್ಲಿ. ಇಷ್ಟು ವರ್ಷಗಳಾದರೂ ಇನ್‌ಸ್ಟಾಲ್ ಎಂದರೆ ಬೇರೆಯವರ ಕೆಲಸ ಎಂದು ನಾವು ಕೂತರೆ, ಯಾವ ಪ್ಯಾಕೇಜು ಬೇಕು ಎಂಬುದನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಗಡಿನಾಡಿನ ಹಕ್ಕಿನ ಬಗ್ಗೆ ಭಾಷಣ ಮಾಡುವ ನಮ್ಮವರೂ ಆ ಪರದೆಯ ಮುಂದೆ ಕೂರುವುದಿಲ್ಲ.

ಜೂನ್‌ಗೆ ಮೊದಲು ಎಲ್ಲ ಯಂತ್ರಗಳಿಗೂ ಪುನಃ ಹಾಕಿಸಲಿದ್ದೇವೆ. ಈ ಸಲ ಪಕ್ಕದ ಕುರ್ಚಿಯಲ್ಲಿ ನಾವಿರುತ್ತೇವೆ, ಆ ಎರಡು ಹೆಸರು ಬರೆದ ಚೀಟಿ ಹಿಡಿದು. ನಿಮ್ಮ ಶಾಲೆಗೂ ಚೀಟಿ ಬೇಕಾದರೆ ಮೇಲಿನದ್ದನ್ನೇ ನಕಲು ಮಾಡಿಕೊಳ್ಳಿ.