ಕೀ ಕೊಡುವ ಕೈಗಳಿಗೆ ಒಂದು ಮಾತು

"ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಗಾಡಿ ಓಡಿಸಿ ಸಾರ್" ಅಂದರು ಪಕ್ಕದ ಸೀಟಿನಲ್ಲಿದ್ದ ಮೇಷ್ಟ್ರು. ಜೀವಮಾನವಿಡೀ ಬಸ್ ಓಡಿಸಿ ನಿವೃತ್ತರಾದವರು, ಈಗ ಲೈಸೆನ್ಸ್ ಇದ್ದವರಿಗೇ ಪಾಠ ಹೇಳುತ್ತಾರೆ. ನನಗೆ ಲೈಸೆನ್ಸ್ ಸಿಕ್ಕಿ ಹತ್ತೊಂಬತ್ತು ವರ್ಷ. ಒಳಗೊಳಗೇ ನಗು ಬಂತು. "ಮುಂದೆ ಒಂದು ಬಸ್ಸು. ಎಡಗಡೆ ಬೇಕರಿ. ಬಲಗಡೆ..." ಎಂದು ಶುರು ಮಾಡಿದವನಿಗೆ ಮೂರನೇ ವಾಕ್ಯಕ್ಕೇ ಮಾತು ತೀರಿಹೋಯಿತು. ಆಗ ಅವರು ಹೇಳತೊಡಗಿದರು: "ಬಸ್ಸಿನ ಬಾಗಿಲಲ್ಲಿ ಇಬ್ರು ಇಳಿಯೋಕೆ ನಿಂತವ್ರೆ, ಸ್ಟಾಪ್ ಹತ್ರ ಬಂತು, ಈಗ ಬ್ರೇಕ್ ಹಾಕ್ತಾನೆ. ಎಡಗಡೆ ನಿಂತಿರೋ ಕಾರಿನ ಮುಂದಿನ ಚಕ್ರ ಬಲಕ್ಕೆ ತಿರುಗಿದೆ, ಹೊರಡ್ತಾನೆ. ಆ ಆಟೋ ಕೆಳಗೆ ನೋಡಿ ಸಾರ್, ಆಚೆ ಕಡೆ ಎರಡು ಪುಟ್ಟ ಕಾಲು."

ನಾನು ಬ್ರೇಕಿನ ಮೇಲೆ ಕಾಲಿಡುವುದಕ್ಕೂ ಹಾಲಿನ ಪ್ಯಾಕೆಟ್ ಹಿಡಿದ ಹುಡುಗಿಯೊಬ್ಬಳು ಆಟೋ ಮರೆಯಿಂದ ರಸ್ತೆಗಿಳಿಯುವುದಕ್ಕೂ ಸರಿಹೋಯಿತು. ಅವಳು ನಮ್ಮ ಕಡೆ ನೋಡಲೂ ಇಲ್ಲ, ದಾಟಿ ಮನೆ ಸೇರಿದಳು. ನಾನು ಮಾತ್ರ ಸ್ಟೀರಿಂಗ್ ಹಿಡಿದು ಕೂತಲ್ಲೇ ಕೂತಿದ್ದೆ. "ಇಷ್ಟು ವರ್ಷದಲ್ಲಿ ಒಂದು ಗೀರೂ ಆಗಿಲ್ಲ" ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದವನು ನಾನು. ಆ ಹೆಗ್ಗಳಿಕೆಯಲ್ಲಿ ನನ್ನ ಪಾಲೆಷ್ಟು, ನನಗಾಗಿ ಬ್ರೇಕ್ ಹಾಕಿದ ಅಪರಿಚಿತರ ಪಾಲೆಷ್ಟು, ಬರೀ ಅದೃಷ್ಟದ ಪಾಲೆಷ್ಟು? ಆ ಲೆಕ್ಕ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ನಾವು ಲೈಸೆನ್ಸ್ ಪಡೆದದ್ದು ಹೇಗೆಂದು ಒಮ್ಮೆ ನೆನಪು ಮಾಡಿಕೊಳ್ಳೋಣ. ಎಲ್‌ಎಲ್‌ಆರ್ ಸಿಕ್ಕು 30 ದಿನ ಕಳೆದ ಮೇಲೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಹೋದೆವು. ಇನ್‌ಸ್ಪೆಕ್ಟರ್ ಎದುರು ಎರಡು ಗೇರ್ ಬದಲಿಸಿ, ಒಂದಿಷ್ಟು ರಿವರ್ಸ್ ತೋರಿಸಿ, ಸಹಿ ಹಾಕಿ ಬಂದೆವು. ಮಳೆಯಲ್ಲಿ ಓಡಿಸಿದ್ದೀರಾ ಎಂದು ಯಾರೂ ಕೇಳಲಿಲ್ಲ. ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆದರೆ ಎಲ್ಲಿ ನೋಡಬೇಕೆಂದು ಯಾರೂ ಹೇಳಿಕೊಡಲಿಲ್ಲ. 2021ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಲಘು ವಾಹನಕ್ಕೆ 29 ಗಂಟೆ, ಭಾರಿ ವಾಹನಕ್ಕೆ 38 ಗಂಟೆ ಕಲಿಸಬೇಕು. ಒಳ್ಳೆಯ ಹೆಜ್ಜೆ. ಆದರೆ ಅದು ಹೊಸದಾಗಿ ಕಲಿಯುವವರಿಗೆ. ಅದಕ್ಕೂ ಮೊದಲೇ ರಸ್ತೆಗಿಳಿದ ನಮ್ಮನ್ನು ಮತ್ತೆ ಕೂರಿಸಿ ಕೇಳುವವರು ಯಾರೂ ಇಲ್ಲ.

ಕೇಳದಿದ್ದುದರ ಬೆಲೆ ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲೇ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ ಸುಮಾರು 462 ಜನ. ಕರ್ನಾಟಕದ್ದೇ 11 ಸಾವಿರ ದಾಟುತ್ತದೆ. ಹತ್ತರಲ್ಲಿ ಏಳು ಸಾವಿಗೆ ಅತಿವೇಗ ಕಾರಣ. ಸತ್ತವರಲ್ಲಿ ಅರ್ಧಕ್ಕೆ ಹತ್ತಿರ ಜನ ದ್ವಿಚಕ್ರ ವಾಹನದಲ್ಲಿದ್ದವರು, ಐವರಲ್ಲಿ ಹೆಚ್ಚೂಕಡಿಮೆ ಒಬ್ಬರು ನಡೆದು ಹೋಗುತ್ತಿದ್ದವರು. ಏರ್‌ಬ್ಯಾಗ್, ಸೀಟ್ ಬೆಲ್ಟ್, ಗಟ್ಟಿ ಬಾಗಿಲುಗಳ ನಡುವೆ ಕೂತ ನಾವು ನಮ್ಮ ಸುರಕ್ಷತೆಯ ಮಾತನ್ನೇ ಆಡುತ್ತೇವೆ. ನಮ್ಮ ಕಾರಿಗೆ ಎಷ್ಟು ಸ್ಟಾರ್ ಎಂದು ಶೋರೂಮಿನಲ್ಲಿ ಕೇಳಿ ತಿಳಿದುಕೊಳ್ಳುತ್ತೇವೆ. ಹಾಲಿನ ಪ್ಯಾಕೆಟ್ ಹಿಡಿದವಳಿಗೆ ಎಷ್ಟು ಸ್ಟಾರ್? ಅವಳಿಗಿರುವುದು ನಮ್ಮ ಕಣ್ಣು, ನಮ್ಮ ಕಾಲು, ಅಷ್ಟೇ.

ಆ ಕಣ್ಣು ಮತ್ತು ಕಾಲಿಗೆ ಏನು ಗೊತ್ತಿಲ್ಲ ಎಂಬುದು ಅಂದು ಮಧ್ಯಾಹ್ನ ಮೈದಾನದಲ್ಲಿ ಬಯಲಾಯಿತು. ಮೇಷ್ಟ್ರು ಕಿತ್ತಳೆ ಬಣ್ಣದ ಕೋನ್‌ಗಳನ್ನು ಸಾಲಾಗಿ ಇಟ್ಟು, "ಅರವತ್ತರಲ್ಲಿ ಬನ್ನಿ, ನಾನು ಕೈ ಎತ್ತಿದಾಗ ನಿಲ್ಲಿಸಿ" ಎಂದರು. ಪೂರ್ತಿ ಬಲದಿಂದಲೇ ಬ್ರೇಕ್ ಒತ್ತಿದೆ. ಪೆಡಲ್ ಪಾದದಡಿಯಲ್ಲಿ ಗಡಗಡ ನಡುಗಿತು. ಏನೋ ಮುರಿಯಿತೆಂದು ಹೆದರಿ ಕಾಲೆತ್ತಿದೆ. ಮೂರು ಕೋನ್ ಕಾರಿನಡಿ ಹೋದವು. ಆ ನಡುಕವೇ, ಚಕ್ರಗಳು ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವ ಗುರುತು, ಆಗ ಕಾಲು ತೆಗೆಯದೆ ಇನ್ನೂ ಒತ್ತಿ ಹಿಡಿದು ಸ್ಟೀರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಬೇಕು ಎಂಬುದು ನನಗೆ ಗೊತ್ತೇ ಇರಲಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಹಣ ಕೊಟ್ಟು ಕೊಂಡ ಸಾಧನ ಒಮ್ಮೆ ನಡುಗಿದರೆ ಹೇಗಿರುತ್ತದೆಂದು ನಮ್ಮಲ್ಲಿ ಎಷ್ಟು ಜನರ ಪಾದಕ್ಕೆ ಗೊತ್ತು?

ಇನ್ನೊಂದು ಲೆಕ್ಕವನ್ನು ಮೇಷ್ಟ್ರು ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೂ 42 ಮೀಟರ್ ಆಗಲೇ ಕಳೆದಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು, ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೂ, ಇನ್ನೊಂದು 55 ಮೀಟರ್ ಬೇಕು. ಒಟ್ಟು ನೂರು ಮೀಟರಿಗೆ ಸ್ವಲ್ಪ ಕಡಿಮೆ. ವೇಗ ಎರಡರಷ್ಟಾದರೆ ಬ್ರೇಕಿಗೆ ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಎಂದು ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಆ ಕಂಬ ಮುಟ್ಟಿದರೆ ತೀರಾ ಹತ್ತಿರವಿದ್ದೀರಿ. ಮಳೆಯಲ್ಲಿ ಆರರವರೆಗೆ ಎಣಿಸಿ. "ಹಂಗೆ ಜಾಗ ಬಿಟ್ರೆ ಇನ್ನೊಬ್ಬ ನುಗ್ತಾನಲ್ಲ" ಎಂದು ಕೇಳಿದ್ದಕ್ಕೆ ಅವರ ಉತ್ತರ: "ನುಗ್ಗಲಿ ಬಿಡಿ ಸಾರ್. ಇನ್ನೊಂದು ಮೂರು ಎಣಿಸಿ. ನಿಮ್ಮ ಗಂಟೇನು ಹೋಯ್ತು?"

ಈ ಲೆಕ್ಕ ಕಲಿಯದೆಯೇ ನಾವು ಹೊಸ ರಸ್ತೆಗಳಿಗೂ ಇಳಿದೆವು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಸಾವುಗಳ ಸುದ್ದಿ ಒಂದರ ಮೇಲೊಂದು ಬಂದು, ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಡಬೇಕಾಯಿತು. ಕ್ಯಾಮೆರಾ ಬಂದವು, ದಂಡ ಬಂತು. ರಸ್ತೆ ಹೊಸದಾಯಿತು, ಓಡಿಸುವ ನಾವು ಹಳೆಯ ರಸ್ತೆಯವರೇ. ಬಲಗಡೆಯ ಪಥವಿರುವುದು ಮುಂದಿನ ಗಾಡಿಯನ್ನು ದಾಟುವವರಿಗೆ ಎಂಬುದನ್ನೂ ಅರಿಯದೆ ಅಲ್ಲೇ ಅರವತ್ತರಲ್ಲಿ ತೇಲುತ್ತೇವೆ. ಕ್ಯಾಮೆರಾ ಕಂಡರೆ ಬ್ರೇಕ್, ದಾಟಿದರೆ ಮತ್ತೆ ಅದೇ ಓಟ. ಶಿರಾಡಿ ಘಾಟಿಯಲ್ಲೋ ಚಾರ್ಮಾಡಿ ಘಾಟಿಯಲ್ಲೋ ಇಳಿಯುವಾಗ ಡೀಸೆಲ್ ಉಳಿಸಲೆಂದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವವರು ಇಂದಿಗೂ ಇದ್ದಾರೆ. ಗೇರಿನಲ್ಲೇ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಈಗಿನ ಎಂಜಿನ್‌ಗಳಲ್ಲಂತೂ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಇಂಧನ ತಾನೇ ನಿಂತುಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಉಳಿಯುವುದು ಏನೂ ಇಲ್ಲ. ಬ್ರೇಕ್ ಕಾದು ಕೈಕೊಟ್ಟರೆ ಹೋಗುವುದು ಮಾತ್ರ ಎಲ್ಲವೂ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ತರಬೇತಿ ಎಂದರೆ ಟೈರ್ ಕಿರುಚಿಸುತ್ತಾ ತಿರುಗುವ ಸರ್ಕಸ್ ಎಂದುಕೊಂಡರೆ ಕೆಟ್ಟೆವು. ನಾರ್ವೆಯಲ್ಲಿ ಜಾರುವ ರಸ್ತೆಯಲ್ಲಿ ಗಾಡಿ ಹಿಡಿಯುವುದನ್ನು ಯುವಕರಿಗೆ ಕಲಿಸಿದಾಗ ಅವರ ಅಪಘಾತಗಳು ಇಳಿಯುವ ಬದಲು ಏರಿದ್ದನ್ನು ಅಲ್ಲಿನ ಸಂಶೋಧಕರು ಕಂಡರು. ಕೈಚಳಕಕ್ಕಿಂತ ಬೇಗ ಬೆಳೆದದ್ದು ಅವರ ಧೈರ್ಯ. ಒಳ್ಳೆಯ ತರಬೇತಿ ಇದಕ್ಕೆ ತದ್ವಿರುದ್ಧ. ಬ್ರಿಟನ್ನಿನ ಪೊಲೀಸರಿಗೆ 1930ರ ದಶಕದಿಂದಲೇ ಹೆಂಡನ್‌ನ ಶಾಲೆಯಲ್ಲಿ ಕಲಿಸುತ್ತಾ ಬಂದದ್ದು, ಅಮೆರಿಕದಲ್ಲಿ ಹೆರಾಲ್ಡ್ ಸ್ಮಿತ್ 1950ರ ದಶಕದಲ್ಲಿ ಕಂಪನಿ ಚಾಲಕರಿಗಾಗಿ ರೂಪಿಸಿದ್ದು ಇದನ್ನೇ: ದೂರ ನೋಡು, ಸುತ್ತ ನೋಡು, ಕಣ್ಣು ಒಂದೆಡೆ ನೆಡಬೇಡ, ತಪ್ಪಿಸಿಕೊಳ್ಳಲು ಜಾಗ ಇಟ್ಟುಕೋ, ನೀನು ಇದ್ದೀಯೆಂದು ಇತರರಿಗೆ ಕಾಣಿಸು. ನಮ್ಮ ಮೇಷ್ಟ್ರು ಇದನ್ನು ಪುಸ್ತಕದಲ್ಲಿ ಓದಿದವರಲ್ಲ. ಜನ ತುಂಬಿದ ಬಸ್ಸೇ ಅವರಿಗೆ ಅದನ್ನು ಕಲಿಸಿತ್ತು. ವರ್ಷಗಟ್ಟಲೆ ಅಪಘಾತವಿಲ್ಲದೆ ಬಸ್ ಓಡಿಸಿದವರಿಗೆ ಬೆಳ್ಳಿ, ಚಿನ್ನದ ಪದಕ ಕೊಡುವ ಪದ್ಧತಿ ಕೆಎಸ್‌ಆರ್‌ಟಿಸಿಯಲ್ಲಿದೆ. ಅಂಥ ಪದಕದವರನ್ನು ನಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಒಂದು ದಿನ ಕಲಿತರೆ ನಮ್ಮ ಮರ್ಯಾದೆಗೇನೂ ಕುಂದಿಲ್ಲ.

ಇನ್ನು ಕಂಪನಿಗಳ ಮಾತು. ಪೆಟ್ರೋಲ್, ಗ್ಯಾಸ್‌ನಂಥ ಅಪಾಯಕಾರಿ ಸರಕು ಸಾಗಿಸುವ ಚಾಲಕ ಮೂರು ದಿನದ ವಿಶೇಷ ತರಬೇತಿ ಮುಗಿಸಿರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಸರಿ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನ ಆರು ಜನ ನೌಕರರನ್ನು ತುಂಬಿಕೊಂಡು ಹೊರವರ್ತುಲ ರಸ್ತೆಯಲ್ಲಿ ಓಡುವ ಕ್ಯಾಬ್ ಚಾಲಕನಿಗೆ? ಹಳ್ಳಿ ಹಳ್ಳಿಗೆ ಔಷಧಿ, ಬಿಸ್ಕತ್ತು ತಲುಪಿಸುವ ಟೆಂಪೋ ಹುಡುಗನಿಗೆ? ತಿಂಗಳ ಟಾರ್ಗೆಟ್ ಹೊತ್ತು ದಿನಕ್ಕೆ ಮುನ್ನೂರು ಕಿ.ಮೀ. ಸುತ್ತುವ ಸೇಲ್ಸ್ ನೌಕರನಿಗೆ? ಅವರನ್ನು ಕೇಳುವುದು ಒಂದೇ: "ಬ್ಯಾಡ್ಜ್ ಇದೆಯಾ?"

ಕಂಪನಿಯ ಮಾಲೀಕರೇ, ಸಾರಿಗೆ ವಿಭಾಗದ ಮ್ಯಾನೇಜರರೇ, ಆ ಗಾಡಿಯ ಕೀ ಕೊಟ್ಟ ಕೈ ನಿಮ್ಮದು. ಲ್ಯಾಪ್‌ಟಾಪ್ ಕೊಟ್ಟರೆ ಅದನ್ನು ಬಳಸುವ ನಿಯಮ ಓದಿಸಿ ಸಹಿ ಹಾಕಿಸಿಕೊಳ್ಳುತ್ತೀರಿ. ಎರಡು ಟನ್ ತೂಕದ ಗಾಡಿ ಕೊಡುವಾಗ ಆಧಾರ್ ಪ್ರತಿ ತೆಗೆದುಕೊಂಡು ಸುಮ್ಮನಾಗುತ್ತೀರಿ. ಸಭಾ ಕೊಠಡಿಯಲ್ಲಿ ಒಂದು ಗಂಟೆ ಸ್ಲೈಡ್ ತೋರಿಸಿ, ಸಮೋಸಾ ಕೊಟ್ಟು, ಸರ್ಟಿಫಿಕೇಟ್ ಜೊತೆ ಗ್ರೂಪ್ ಫೋಟೋ ತೆಗೆದರೆ ಅದು ತರಬೇತಿಯಾಗದು. ಚಾಲಕನ ಪಕ್ಕದಲ್ಲಿ ಕೂತು ಅವನ ದಿನನಿತ್ಯದ ದಾರಿಯಲ್ಲೇ, ಅವನದೇ ಗಾಡಿಯಲ್ಲಿ, ಅವನ ಭಾಷೆಯಲ್ಲಿ ಕಲಿಸಬೇಕು. ಆರು ತಿಂಗಳ ಮೇಲೆ ಮತ್ತೆ ನೋಡಬೇಕು. ಅದಕ್ಕೂ ಮುಖ್ಯವಾಗಿ, ಕಲಿತದ್ದನ್ನು ಮಾಡಲು ಅವನಿಗೆ ಸಮಯ ಕೊಡಬೇಕು. ಬೆಳಿಗ್ಗೆ ಮೂರು ಸೆಕೆಂಡಿನ ಅಂತರ ಕಲಿಸಿ, ಸಂಜೆ ಲಾಗಿನ್ ಹತ್ತು ನಿಮಿಷ ತಡವಾಯಿತೆಂದು ದುಡ್ಡು ಹಿಡಿದರೆ ಅವನು ನಂಬುವುದು ಯಾವ ಪಾಠವನ್ನು? ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆಯ ದುಡಿಮೆಯ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು 1961ರಲ್ಲೇ ಕಾಯ್ದೆ ಬಂದಿತ್ತು. ನಿಮ್ಮ ಟ್ರಿಪ್ ಶೀಟ್ ತೆಗೆದು ನಿನ್ನೆಯ ರಾತ್ರಿಯ ಪುಟವನ್ನು ಆ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿ. ವಿಮೆ ಇದೆಯಲ್ಲ ಎನ್ನಬೇಡಿ. ವಿಮೆ ಕಟ್ಟಿಕೊಡುವುದು ಹಣವನ್ನು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಸಾವಾದ ಮರುವಾರ ಏರ್ಪಡಿಸುವ ತರಬೇತಿ ಯಾರ ಮಗನನ್ನೂ ತಂದುಕೊಡದು.

ಮನೆಯಲ್ಲೂ ಕೀ ಕೊಡುವ ಕೈಗಳಿವೆ. ಅಪ್ರಾಪ್ತ ಮಗನಿಗೆ ಗಾಡಿ ಕೊಟ್ಟರೆ ತಂದೆತಾಯಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಹದಿನೆಂಟು ತುಂಬಿದ ಮರುದಿನ ಕಾಯ್ದೆ ಸುಮ್ಮನಾಗುತ್ತದೆ. ಹೆತ್ತವರ ಮನಸ್ಸು ಸುಮ್ಮನಾಗಬಹುದೇ? ಮಗಳ ಮದುವೆಗೆ, ಮಗನ ಸೀಟಿಗೆ ಲಕ್ಷಗಳನ್ನು ಕೂಡಿಡುವ ನಾವು, ಕಾರಿನ ಅಲಾಯ್ ವೀಲ್‌ಗೆ, ಸೀಟ್ ಕವರಿಗೆ ಸಾವಿರಾರು ಸುರಿಯುವ ನಾವು, ಓಡಿಸುವವರ ಒಂದು ದಿನದ ತರಬೇತಿಯ ಶುಲ್ಕ ಕೇಳಿದರೆ ಹುಬ್ಬೇರಿಸುತ್ತೇವೆ. "ನನಗೇನು ಕಲಿಸೋದು?" ಎಂಬ ಮಾತು ಮೊದಲು ಬರುವುದು ಗಂಡಸರ ಬಾಯಿಂದ. ನನ್ನ ಬಾಯಿಂದಲೂ ಬಂದಿತ್ತು. ಮೂರು ಕೋನ್‌ಗಳು ಅದನ್ನು ಮುಚ್ಚಿಸಿದವು.

ಆಯುಧಪೂಜೆಯ ದಿನ ನಾವು ಗಾಡಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಡುತ್ತೇವೆ. ನಡುರಸ್ತೆಯಲ್ಲಿ ಬೂದುಗುಂಬಳ ಒಡೆದು ಹೋಗುತ್ತೇವೆ. ಹಿಂದೆ ಬರುವ ಬೈಕಿನವನು ಅದರ ಮೇಲೆ ಜಾರಿ ಬೀಳುತ್ತಾನೆ. ನಮ್ಮ ಗಾಡಿಗೆ ದೃಷ್ಟಿ ತೆಗೆದದ್ದು ಅವನ ಕಾಲು ಮುರಿಯುತ್ತದೆ. ಪೂಜೆ ಬೇಡವೆನ್ನುತ್ತಿಲ್ಲ. ಕುಂಬಳಕಾಯಿಯನ್ನು ರಸ್ತೆ ಬದಿಗೆ ಸರಿಸಿ, ಅದೇ ವಾರ ಒಂದು ದಿನವನ್ನು ಕಲಿಕೆಗೆ ಎತ್ತಿಡಿ. ಚಾಲಕರಿಗೆ ಕಡ್ಲೆಪುರಿ, ಸ್ವೀಟ್ ಪ್ಯಾಕೆಟ್ ಹಂಚುವ ಕಂಪನಿಗಳು ಆ ದಿನದ ಪೂರ್ತಿ ಸಂಬಳ ಕೊಟ್ಟು ಅವರನ್ನು ತರಬೇತಿಗೆ ಕಳಿಸಲಿ. ಮ್ಯಾನೇಜರ್ ಸಾಹೇಬರೂ ಅದೇ ಗಾಡಿಯಲ್ಲಿ, ಅದೇ ಕೋನ್‌ಗಳ ಮುಂದೆ ಬ್ರೇಕ್ ಒತ್ತಿ ನೋಡಲಿ.

ಅಲ್ಲಿಯವರೆಗೆ ನಾಳೆ ಬೆಳಿಗ್ಗೆಯೇ ಒಂದು ಕೆಲಸ ಮಾಡಿ, ಅದಕ್ಕೆ ಶುಲ್ಕವಿಲ್ಲ. ಗಾಡಿ ಹೊರಡಿಸಿ, ಮೊದಲ ಐದು ನಿಮಿಷ ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಿ. ನಿಂತ ಆಟೋಗಳ ಕೆಳಗೆ ನೋಡಿ.