ತಿಳಿಸದೆ ತೆರಿಗೆ ಕೇಳುವದು ನ್ಯಾಯವೆ?

2025ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿಗಳ ಮುಂದೆ, ಟೀ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬರಹಗಳು ತೂಗಿದ್ದನ್ನು ವಾಚಕರು ಮರೆತಿರಲಾರರು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರ ವರೆಗೆ ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ತೆಗೆದು, ಸಹಸ್ರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತ್ತು. ಯಲಹಂಕದ ಪೇಟೆಯಿಂದ ಯಶವಂತಪುರದ ಮಾರುಕಟ್ಟೆಯ ವರೆಗೆ, ಹೆಬ್ಬಾಳ, ಆರ್.ಟಿ. ನಗರಗಳ ಬೀದಿಗಳಲ್ಲಿ ಅಂಗಡಿಯನ್ನೇ ನಂಬಿ ಸಂಸಾರ ಸಾಗಿಸುವವರಿಗೆ ಇದು ದೂರದ ಸುದ್ದಿಯಲ್ಲ.

ಕೂಗು ಎದ್ದ ಮೇಲೆ ಅದೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವದಿಲ್ಲವೆಂದೂ ನೋಂದಣಿ ಮಾತ್ರ ಕಡ್ಡಾಯವೆಂದೂ ಹೇಳಿದರು. ಗದ್ದಲವು ಅಡಗಿತು, ಅಜ್ಞಾನವು ಅಡಗಿತೇನು? ನಾವು ಕೇಳುವದು ಇದನ್ನೇ.

ತೆರಿಗೆಯೇ ಬೇಡವೆಂದು ನಾವು ಹೇಳುವದಿಲ್ಲ. ಒಬ್ಬನು ನ್ಯಾಯವಾಗಿ ಸಲ್ಲಿಸುತ್ತಿರಲು, ಪಕ್ಕದವನು ಮರೆಮಾಚಿ ಅಗ್ಗಕ್ಕೆ ಮಾರಿದರೆ ಸತ್ಯವಂತನಿಗೇ ನಷ್ಟ. ಆದರೆ ನಿಯಮವನ್ನು ಅರಿಯದವನಿಗೆ ನಾಲ್ಕು ವರುಷಗಳ ಲೆಕ್ಕವನ್ನು ಒಮ್ಮೆಗೇ ಕೇಳುವದು ಆಡಳಿತದ ಜಾಣತನವಲ್ಲ.

ನಿಯಮವು ಇಷ್ಟು: ಸರಕು ಮಾತ್ರ ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಹೋಟೆಲು ಮುಂತಾದ ಸೇವೆಯವನದು 20 ಲಕ್ಷ ದಾಟಿದರೆ, ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಣಿ ಬೇಕು. ಇಲ್ಲಿ ಎಣಿಸುವದು ಲಾಭವನ್ನಲ್ಲ, ವಹಿವಾಟನ್ನು. ದಿನಕ್ಕೆ 5,500 ರೂಪಾಯಿಯ ಇಡ್ಲಿ, ಕಾಫಿ ಮಾರುವವನು ರಜೆಯಿಲ್ಲದೆ ದುಡಿದರೆ ವರುಷದಲ್ಲಿ 20 ಲಕ್ಷ ದಾಟುವನು. ಕೈಯಲ್ಲಿ ಉಳಿಯುವದು ಸ್ವಲ್ಪವೇ ಆದುದರಿಂದ, ತಾನು ದೊಡ್ಡ ವ್ಯಾಪಾರಿಗಳ ಸಾಲಿಗೆ ಸೇರಿದನೆಂಬುದು ಅವನ ಕನಸಿನಲ್ಲಿಯೂ ಇರದು. ಹಾಲು, ತರಕಾರಿಗಳಂಥ ತೆರಿಗೆಯಿಲ್ಲದ ಪದಾರ್ಥಗಳನ್ನಷ್ಟೇ ಮಾರುವವನಿಗೆ ನೋಂದಣಿ ಬೇಡ; ಅವುಗಳೊಡನೆ ತೆರಿಗೆಯುಳ್ಳ ಸರಕನ್ನೂ ಮಾರಿದರೆ ಹಾಲಿನ ಹಣವೂ ಮಿತಿಯ ಎಣಿಕೆಗೆ ಸೇರುವದು. ಈ ಸೂಕ್ಷ್ಮವನ್ನು ಅಂಗಡಿಕಾರನಿಗೆ ಯಾರು ಹೇಳಿದರು?

ಹಗುರಾದ ದಾರಿಯೂ ಉಂಟು. ಒಂದೂವರೆ ಕೋಟಿಯ ವರೆಗಿನ ವ್ಯಾಪಾರಿಯು ರಾಜಿ ತೆರಿಗೆಯನ್ನು ಆರಿಸಿಕೊಂಡರೆ ಶೇಕಡಾ 1ರಷ್ಟು, ಹೋಟೆಲಿನವನಾದರೆ ಶೇಕಡಾ 5ರಷ್ಟು ಕೊಟ್ಟು ನೆಮ್ಮದಿಯಿಂದಿರಬಹುದು. ಆದರೆ ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ. ಮೊದಲೇ ತಿಳಿದವನಿಗೆ ಇದು ಆಶ್ರಯ. ನೋಟೀಸು ಬಂದ ಮೇಲೆ ತಿಳಿದವನಿಗೆ ಬರೀ ಪಶ್ಚಾತ್ತಾಪ.

ಆದುದರಿಂದ ಸರಕಾರವು ಈ ನಾಲ್ಕು ಮಾತುಗಳನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿಯೊಂದು ಪೇಟೆಯಲ್ಲಿ ಹಂಚಲಿ. ಅಧಿಕಾರಿಗಳು ನೋಟೀಸಿಗಿಂತ ಮುಂಚೆ ತಾವೇ ಬೀದಿಗೆ ಬರಲಿ. ಕನ್ನಡಿಗನಿಂದ ತೆರಿಗೆ ಪಡೆಯುವ ಸರಕಾರವು ಕನ್ನಡದಲ್ಲಿ ತಿಳಿಹೇಳುವದು ಉಪಕಾರವಲ್ಲ, ಕರ್ತವ್ಯ.

ವ್ಯಾಪಾರಿ ಬಂಧುಗಳೇ, ಕ್ಯೂಆರ್ ಚೀಟಿಯನ್ನು ಹರಿದುಹಾಕುವದರಿಂದ ವಹಿವಾಟು ಕಡಿಮೆಯಾಗದು, ಕಾನೂನೂ ಬದಲಾಗದು. ಮನೆಯ ಹಣ, ಕೈಗಡ, ಅಂಗಡಿಯ ಹಣ ಇವುಗಳನ್ನು ಬೇರೆ ಬೇರೆಯಾಗಿ ಬರೆದಿಡಿರಿ. ಲೆಕ್ಕವೇ ನಿಮ್ಮ ಸಾಕ್ಷಿ. ಉಪಾಧ್ಯಾಯ ಮಹಾಶಯರೇ, ವಾರಕ್ಕೊಂದು ಗಂಟೆ ನಿಮ್ಮ ಬೀದಿಯ ಅಂಗಡಿಕಾರನ ಬಳಿ ಕುಳಿತು ಆ ಲೆಕ್ಕವನ್ನು ಬರೆಯಲು ಕಲಿಸಿರಿ. ಇದಕ್ಕಿಂತ ಹೆಚ್ಚಿನ ನಾಡಸೇವೆಯನ್ನು ನಾವು ಕಾಣೆವು.