ಯಾರ ಬೆನ್ನು ಹತ್ತೋದು?

ಹೋದ ವಾರ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೊರಟಿದ್ದೆ. ಉಣಕಲ್ ದಾಟುವಷ್ಟರಲ್ಲಿ ಪಕ್ಕದ ಹುಡುಗ ಮೊಬೈಲನ್ನು ನನ್ನ ಮುಖಕ್ಕೇ ಹಿಡಿದ. "ನೋಡ್ರಿ ಸರ, ಅಪ್ಪು ಅಭಿಮಾನಿಗಳ ಪೇಜ್ ಅಂತ ಫಾಲೋ ಮಾಡಿದ್ದೆ. ಈಗ ಹೆಸರೂ ಬ್ಯಾರೆ, ಫೋಟೋನೂ ಬ್ಯಾರೆ. ದಿನಾ ಬೆಟ್ಟಿಂಗ್ ಆಡ್ರಿ ಅಂತದ!" ಹುಡುಗ ನಕ್ಕ, ಕಣ್ಣು ಮಾತ್ರ ನಗಲಿಲ್ಲ. ಎಷ್ಟು ಹೋತಪಾ ಅಂದೆ. "ಒಂದ್ ತಿಂಗಳ ಪಗಾರ."

ಇದರಲ್ಲಿ ಮಾಟ-ಮಂತ್ರ ಏನೂ ಇಲ್ಲ. ಖಾತೆಯ ಹೆಸರು ಬದಲಾದರೂ ಹಿಂಬಾಲಕರು ಅಲ್ಲೇ ಇರುತ್ತಾರೆ. ಮೊದಲು ಅಪ್ಪು ಫೋಟೋ ಹಾಕಿ ಜನ ಕೂಡಿಸು, ಆಮೇಲೆ ಆ ಜನರನ್ನೇ ಮಾರು! ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನೂ ಅದರ ಜಾಹೀರಾತನ್ನೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಆದರೂ ಗಾಳ ಹಾಕುವವರು ಹಾಕ್ತಾನೇ ಇದ್ದಾರೆ.

ನಮ್ಮ ಕಾಲದಲ್ಲಿ ಸಂಘದ ಅಧ್ಯಕ್ಷ ಟಾಕೀಸಿನ ಎದುರೇ ಚಹಾ ಕುಡೀತಿದ್ದ. ಕಟೌಟಿನ ಹಾರಕ್ಕೆ ವಂತಿಗೆ ಕೊಟ್ಟವನು ಅಲ್ಲೇ ಹಿಡಿದು ಲೆಕ್ಕ ಕೇಳಬಹುದಿತ್ತು. ಈ ಪೇಜಿನವನ ಮುಖ ಕಂಡವರಾರು?

ನೀಲಿ ಗುರುತು ಇದೆಯಲ್ಲಾ ಅಂತೀರಾ? ಎಕ್ಸ್‌ನಲ್ಲಿ ಅದು ದುಡ್ಡಿಗೆ ಸಿಗುತ್ತೆ ಸ್ವಾಮೀ! ಇನ್‌ಸ್ಟಾಗ್ರಾಂನಲ್ಲಿ ಖಾತೆಯ ಮೇಲಿನ ಮೂರು ಚುಕ್ಕಿ ಒತ್ತಿ 'ಈ ಖಾತೆಯ ಬಗ್ಗೆ' ತೆಗೆದು ನೋಡಿ. ಯಾವಾಗ ಹುಟ್ಟಿತು, ಎಷ್ಟು ಸಲ ಹೆಸರು ಬದಲಿಸಿತು ಎಂಬ ಜಾತಕ ಅಲ್ಲಿ ಸಿಗಬಹುದು.

ನಾನೇನು ಹರಿಶ್ಚಂದ್ರನಲ್ಲ. ನನ್ನ ಮೆಚ್ಚಿನ ನಾಯಕನ ಪೇಜೊಂದು ಒಬ್ಬ ನಟಿಯನ್ನು ಹೀಯಾಳಿಸಿ ಚಿತ್ರ ಹಾಕಿತ್ತು. ಅಭ್ಯಾಸಬಲ, ಲೈಕ್ ಒತ್ತಿಬಿಟ್ಟೆ. ಸಂಜೆ ತಂಗಿ ಬಂದು "ಅಣ್ಣಾ, ಇದರಾಗ ನಿನ್ನ ಹೆಸರೂ ಅದ" ಅಂದಳು. ಅನ್ನ ಗಂಟಲಲ್ಲಿ ಇಳಿಯಲಿಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ ಅಶ್ಲೀಲ ಸಂದೇಶಗಳ ವಿರುದ್ಧ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟು, ಕೆಲವರ ಬಂಧನವಾದಾಗ ಮತ್ತೆ ಅದೇ ನೆನಪಾಯ್ತು. ಆ ಪೇಜು ಆಗಲೇ ಬಿಟ್ಟಿದ್ದೆ, ದೇವರು ದೊಡ್ಡವನು.

ಅಪ್ಪು ಅವರ ಸ್ವಂತ ಖಾತೆಯನ್ನೇ ನೋಡಿ. 2021ರ ಅಕ್ಟೋಬರ್ 29ರ ಬೆಳಿಗ್ಗೆ 'ಭಜರಂಗಿ 2' ತಂಡಕ್ಕೆ ಶುಭ ಕೋರಿದರು. ಅದೇ ದಿನ ಹೋಗಿಬಿಟ್ಟರು. ಕೊನೆಗೂ ಅಣ್ಣನ ಚಿತ್ರದ ಮಾತು! ಅಸಲಿ ಮೌನವಾಗಿದೆ, ನಕಲಿಗಳು ದಿನಾ ಅವರ ಹೆಸರಲ್ಲಿ ಬಾಯಿ ತೆರೀತಾವೆ.

ಹುಡುಗನಿಗೆ ಹೇಳಿದೆ: ಅಪ್ಪು ಬೇಕಿದ್ರೆ, 2022ರಲ್ಲಿ ತೆರೆಕಂಡ 'ಗಂಧದ ಗುಡಿ' ಮಾಡಿದ ಅಮೋಘವರ್ಷ ಅವರನ್ನ ಹುಡುಕು. ಕಾಡಿನಾಗ ಅಪ್ಪು ಜೋಡಿ ನಡದವರು. ಕ್ಯಾಮೆರಾದವರು, ಸಂಕಲನದವರು, ಸೌಂಡಿನವರು... ಇವರನ್ನ ಹತ್ತು ಮಂದಿ ಇಟ್ಕೋ, ಸಿನಿಮಾ ನೋಡೋ ಕಣ್ಣೇ ಬದಲಾಗ್ತದ.

ಜುಬಿಲಿ ಸರ್ಕಲ್ಲಿನಲ್ಲಿ ಇಳಿಯುತ್ತಾ ಕೇಳಿದ, "ನಿಮ್ಮನ್ನೂ ಫಾಲೋ ಮಾಡ್ಲೇನ್ರಿ ಸರ?"

"ಬ್ಯಾಡೋ ಮಾರಾಯಾ, ಅದರಾಗ ಬರೇ ಗಿರ್ಮಿಟ್ ಮಿರ್ಚಿ ಫೋಟೋ ಅದಾವು" ಅಂದೆ.